ಹಿತ್ತಲ ಗುಡ್ಲು ಹಾರಿಹೋಗಿದ್ದು

ಅದೇ ಕಣವ್ವ, ಸುಳಿ... ಸುತ್ತು... ನೀವೆಲ್ಲ ಸುಂಟರಗಾಳಿ ಅಂತೀರಲ್ಲ, ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿತ್ತು, ನಾಲಿಗೆ ತುದೀಲೇ ಇದೆ, ಬರ್ತಾ ಇಲ್ಲ. ಈ ಬಳ್ಳಾರಿಗೆ ಬಂದು ನಲವತ್ತು ವರ್ಷ ಆಯ್ತು, ಮಾತೂ ಒಂದೊಂದೇ ಉದುರಿಹೋಗ್ತವೆ. ಹೋಗ್ಲಿ ಬುಡು. ಹೆಸರು ಏನಾದ್ರೂ ಇರ್ಲಿ, ಅದು ಬಂದಿದ್ದಂತೂ ನಿಜ, ನಮ್ಮ ಮನೆ ಸೂರು ಎತ್ಕೊಂಡು ಹೋಗಿದ್ದೂ ನಿಜ.

ಆಗ ನನಗೆ ಹದಿನಾರು. ಅಲ್ಲ, ಹದಿನೈದು, ಮದುವೆಯಾಗಿ ಆಗಷ್ಟೇ ವರ್ಷ ತುಂಬಿತ್ತು. ಮಹಾರಾಜರ ಕಾಲ. ಮಂಡ್ಯದ ಕಡೆ ನಾಲೆ ನೀರು ಬಂದು ಜನ ಕಬ್ಬು ಹಾಕೋಕೆ ಶುರು ಮಾಡಿದ್ರು, ಆದ್ರೆ ಮದ್ದೂರು ಕಡೆ ಕೊಪ್ಪದ ಹತ್ತಿರ ನಮ್ಮತ್ತೆ ಊರಿಗೆ ಆ ನೀರು ಬಂದಿರಲಿಲ್ಲ. ನಮ್ಮದು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ರೇಷ್ಮೆ ಹುಳ. ಹುಳ ಅಂದ್ರೆ ನಮ್ಮತ್ತೆಗೆ ಜೀವ. ಹುಳದ ಮನೆಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಬರೋ ಹಾಗಿಲ್ಲ, ಬೆಳ್ಳುಳ್ಳಿ ಒಗ್ಗರಣೆ ವಾಸನೆ ಹೋಗೋ ಹಾಗಿಲ್ಲ, ಇನ್ನು ಹೊರಗಾದೋಳು ಅಂದ್ರೆ, ಗೊತ್ತಲ್ಲ, ತಿಂಗಳ ಮೂರು ದಿನ, ಅವಳ ನೆರಳೂ ಬೀಳೋ ಹಾಗಿಲ್ಲ. ಹಿತ್ತಲಲ್ಲಿ ತೆಂಗಿನ ಗರಿದೊಂದು ಗುಡ್ಲು ಕಟ್ಟಿದ್ರು, ಆ ಮೂರು ದಿನ ನಾನು ಅಲ್ಲಿ. ಊಟ ದೂರದಿಂದ ಇಟ್ಟು ಹೋಗೋರು. ಅಳುತಿದ್ದೆ ಅಂದ್ಕೋಬೇಡ, ಒಳಗೊಳಗೇ ಉರೀತಿದ್ದೆ.

ಅವತ್ತು ಹುಳ ಹಣ್ಣಾಗಿತ್ತು. ಹಣ್ಣಾಗೋದು ಅಂದ್ರೆ ಸೊಪ್ಪು ತಿನ್ನೋದು ಬಿಟ್ಟು ಗೂಡು ಕಟ್ಟೋಕೆ ತಯಾರಾಗೋದು. ಚಂದ್ರಿಕೆ ಅಂತ, ಬಿದಿರ ತಟ್ಟಿ ಮೇಲೆ ಸುತ್ತುಸುತ್ತಾಗಿ ಬಿದಿರ ಪಟ್ಟಿ ಕಟ್ಟಿರ್ತಾರೆ, ಅದಕ್ಕೆ ಹುಳ ಬಿಟ್ಟು ಅಂಗಳದಲ್ಲಿ ಒರಗಿಸಿದ್ರು. ನಮ್ಮ ಮಾವ, ನಿಮ್ಮ ತಾತ, ಗಂಡಸರಿಬ್ಬರೂ ಮದ್ದೂರು ಸಂತೆಗೆ ಹೋಗಿದ್ರು. ನಾನು ಗುಡ್ಲಲ್ಲಿ. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕಾಗೆ ಕೂಗೋದೂ ನಿಂತೋಯ್ತು. ಆಮೇಲೆ ಹೊಲದ ಕಡೆಯಿಂದ ಮಣ್ಣಿನ ಕಂಬ ಒಂದು ತಿರುಗ್ತಾ ಬಂತು ನೋಡು, ನಿಧಾನವಾಗೇ ಬಂತು, ನಮ್ಮ ಮನೆ ವಿಳಾಸ ಕೇಳ್ಕೊಂಡು ಬಂದ ಹಾಗೆ. ನನ್ನ ತಲೆ ಮೇಲಿದ್ದ ಗುಡ್ಲು ಹಂಗೇ ಎದ್ದೋಯ್ತು, ನಾನು ಬಯಲಲ್ಲಿ ಕೂತಿದ್ದೆ. ಮನೆ ಹೆಂಚು ಪಟಪಟ ಹಾರಿದ್ವು. ಪಕ್ಕದ ಗೌರಕ್ಕನ ಮನೇದು ಒಂದು ಹೆಂಚೂ ಅಲ್ಲಾಡಲಿಲ್ಲ, ಅದೇ ಆಶ್ಚರ್ಯ.

ಅಂಗಳದಲ್ಲಿ ಚಂದ್ರಿಕೆ ಉರುಳ್ತಾ ಇದ್ವು. ಅತ್ತೆ ಒಂದನ್ನ ತಬ್ಬಿಕೊಂಡು ನಿಂತಿದ್ರು, ಎರಡನೇದು ಹಿಡಿಯೋಕೆ ಕೈ ಇಲ್ಲ. ನನ್ನ ಕಂಡು, "ಏನ್ ನೋಡ್ತಾ ನಿಂತಿದ್ದೀಯಮ್ಮಿ, ಎತ್ಕಳಮ್ಮಿ" ಅಂದ್ರು.

"ಅತ್ತೆ, ನಾನು ಹೊರಗೆ..."

"ನಿನ್ ಹೊರಗೆ ಮನೆ ಹಾಳಾಗ. ಎತ್ಕ!"

ಎತ್ತಿದೆ. ಒಂದೊಂದನ್ನೇ ನಡುಮನೆಗೆ ಹೊತ್ತೆ, ಅಲ್ಲಿ ಅರ್ಧ ಸೂರು ಉಳಿದಿತ್ತು, ದೇವರ ಗೂಡು ಇರೋ ಜಾಗ ಬೇರೆ. ಕೆಳಗೆ ಬಿದ್ದ ಹುಳಾನ ಮಳೆ ಶುರುವಾಗೋದ್ರೊಳಗೆ ಕೈಯಲ್ಲೇ ಹೆಕ್ಕಿ ಸೆರಗಿಗೆ ತುಂಬ್ಕೊಂಡೆ. ತಣ್ಣಗೆ, ಮೆತ್ತಗೆ, ಅಂಗೈಯಲ್ಲಿ ತಲೆ ಆಡಿಸ್ತಿದ್ವು ಪಾಪ.

ಗಾಳಿ ನಿಲ್ತು. ಅತ್ತೆ ಉಸಿರು ತಗೊಂಡು ಮೊದಲು ಅಂದಿದ್ದೇನು ಗೊತ್ತಾ? "ಇನ್ ನಿನ್ ಜಾಗಕ್ಕೆ ಓಗು." ನಾನು ಹಿತ್ತಲ ಕಡೆ ಕೈ ತೋರಿಸಿದೆ. ಗುಡ್ಲು ತೆಂಗಿನ ಮರದ ತುದೀಲಿ ನೇತಾಡ್ತಿತ್ತು. "ಯಾವ ಜಾಗ ಅತ್ತೆ? ಮರ ಹತ್ಲಾ?" ಅಂದೆ. ಅಷ್ಟರಲ್ಲಿ ಗೌರಕ್ಕ ನೋಡೋಕೆ ಬಂದಳು, ನನ್ನ ಸೆರಗು ನೋಡಿದಳು, ಹೊರಗಾದೋಳು ಹುಳ ಮುಟ್ಟವಳೆ, ಅದಕ್ಕೇ ಗಾಳಿ ಬಂದದ್ದು ಅಂದಳು. ಅತ್ತೆ ತಕ್ಷಣ, ಇವಳು ಮುಟ್ಟಿಲ್ಲ, ನಾನೇ ಎಲ್ಲಾ ಹೊತ್ತೆ ಅಂತ ಸುಳ್ಳು ಹೇಳಿದ್ರು. ಅದು ಕೇಳಿ ನನಗೆ ಎಲ್ಲಿತ್ತೋ ಸಿಟ್ಟು. "ಮುಟ್ಟಿದೆ ಗೌರಕ್ಕ. ಗಾಳಿ ಬಂದ ಮೇಲೆ ಮುಟ್ಟಿದ್ದು, ಮೊದಲಲ್ಲ. ಇನ್ನೂ ಮುಟ್ತೀನಿ" ಅಂದೆ. ಅತ್ತೆ ಮುಖ ಕಪ್ಪಾಯ್ತು. ಗೂಡು ಕೆಟ್ಟರೆ ನೀನು ನಿನ್ನ ತವರಿಗೆ ನಡಿ, ಮತ್ತೆ ಈ ಹೊಸ್ತಿಲು ತುಳೀಬೇಡ ಅಂದ್ರು. ಆಗ್ಲಿ ಅಂದೆ. ಬಾಯಲ್ಲಿ ಅಂದೆ ಅಷ್ಟೇ. ತವರಲ್ಲಿ ಯಾರಿದ್ರು ನನಗೆ, ಅಪ್ಪ ತೀರಿಕೊಂಡಿದ್ದ, ಅಣ್ಣನ ಹೆಂಡತಿ ಬಾಗಿಲಲ್ಲೇ ಮಾತಾಡಿಸಿ ಕಳಿಸೋಳು.

ಚಂದ್ರಿಕೆ ಪಕ್ಕದಲ್ಲೇ ಕೂತೆ. ಸಂತೆಯಿಂದ ಬಂದ ಮಾವ ಹೊರಗೆ ಕೂರು ಅಂದ್ರು, ಏಳಲಿಲ್ಲ. ನಿಮ್ಮ ತಾತ ಒಡೆದ ಹೆಂಚು ಹೆಕ್ಕೋಕೆ ಹೋದ್ರು. ಐದನೇ ದಿನ ಗೂಡು ಬಿಡಿಸಿದ್ವಿ. ಮದ್ದೂರಿನ ಸಾಬರು ಒಬ್ರು ಕೊಳ್ಳೋಕೆ ಬರೋರು, ಗೌರಕ್ಕ ಅವರು ಕೂರೋ ಮೊದಲೇ ಸುದ್ದಿ ಹೇಳಿಬಿಟ್ಟಿದ್ದಳು. ಅವರು ಒಂದು ಗೂಡು ತಗೊಂಡು ಕಿವಿ ಹತ್ರ ಅಲ್ಲಾಡಿಸಿದ್ರು, ಒಳಗಿನ ಹುಳ ಕೆಟ್ಟಿಲ್ಲ ಅಂದ್ರೆ ಸದ್ದು ಬರುತ್ತೆ. ಇನ್ನೊಂದು. ಮತ್ತೊಂದು. "ಗಟ್ಟಿ ಗೂಡು ಕಣಮ್ಮ. ಓದ್ ಸಲಕ್ಕಿಂತ ವಾಸಿ" ಅಂದ್ರು, ಚೀಲ ಬಿಚ್ಚಿದ್ರು.

ಅತ್ತೆ ನನಗೆ ಒಂದು ಒಳ್ಳೆ ಮಾತೂ ಆಡಲಿಲ್ಲ. ಮಾರನೇ ದಿನ ಮಾವ ಗುಡ್ಲಿಗೆ ಅಂತ ಬಿದಿರು ಗರಿ ತಂದು ಹಾಕಿದ್ರೆ, ಅವರೇ, "ಮೊದಲು ಉಳದ ಮನೆಗೆ ಸೂರು ಒದಿಸಿ, ಗುಡ್ಲು ಆಮೇಕೆ ನೋಡುಮ" ಅಂದ್ರು. ಆ ಆಮೇಲೆ ಬರಲೇ ಇಲ್ಲ. ಮುಂದಿನ ತಿಂಗಳು ನಾನು ನಡುಮನೆ ಮೂಲೇಲಿ ಚಾಪೆ ಹಾಕ್ಕೊಂಡೆ, ಅತ್ತೆ ನೋಡಿಯೂ ನೋಡದ ಹಾಗೆ ಸೊಪ್ಪು ಹೆಚ್ಚುತ್ತಾ ಕೂತಿದ್ರು.

ಕಷ್ಟ ಬಂದಾಗ ನಿನ್ನ ಕೈ ಬೇಕು ಅಂದೋರು, ಕಷ್ಟ ಕಳೆದ ಮೇಲೆ ಅದೇ ಕೈನ ಮೈಲಿಗೆ ಅಂದ್ರೆ, ತಲೆ ಬಗ್ಗಿಸ್ಕೊಂಡು ಎದ್ದು ಹೋಗಬೇಡ ಮಗಳೇ, ಅಲ್ಲೇ ಕೂರು. ಏನ್ ಬಾಯಿ ಬಿಟ್ಕೊಂಡು ಕೇಳ್ತಿದ್ದೀಯ, ಆ ಪೆನ್ನು ತಗೊ, ಬರ್ಕೊ ಇದನ್ನ.