ಕುತ್ತಿಗೆಯ ಅಳತೆ

ಯಾಕೆ, ಟೇಪು ಅಲ್ಲೇ ನಿಂತುಬಿಡ್ತು? ಸುತ್ತಿ ಟೈಲರಮ್ಮ, ಸುತ್ತಿ... ಓಹೋ, ಅದಾ? ಬೆರಳಿಗೆ ಸಿಕ್ಕಿತಾ? ಏನಿಲ್ಲ, ಬರೀ ಗಂಟು. ಅದಕ್ಕೇ ತಾನೇ ಅಂಗಿಗೆ ಕಾಲರ್ ಎತ್ತರ ಇಡಿ ಅಂದದ್ದು! ಕ್ಲಾಸಿನಲ್ಲಿ ಮಕ್ಕಳು ಬೋರ್ಡು ಬಿಟ್ಟು ನನ್ನ ಕುತ್ತಿಗೆಯನ್ನೇ ನೋಡ್ತಾವೆ.

ಹೆದರ್ಕೋಬೇಡಿ, ಅಂಟೋದಲ್ಲ. ದುಗ್ಧಗ್ರಂಥಿ ಅಂತ, ಇಂಗ್ಲಿಷಲ್ಲಿ ಲಿಂಫ್ ನೋಡ್. ನಿಮಗೂ ಇದೆ! ಯಾಕೆ ನಗ್ತೀರಿ? ನಿಜವಾಗ್ಲೂ. ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಹೊಟ್ಟೆಯೊಳಗೆ... ಕಾಳು ಕಾಳಾಗಿ ಇರ್ತವೆ. ಸುಮ್ಮನಿದ್ದಾಗ ಕೈಗೆ ಸಿಗೋದೇ ಇಲ್ಲ. ಜೀವಶಾಸ್ತ್ರದ ಟೀಚರ್ ಅಲ್ವಾ ನಾನು, ನಿದ್ದೆಗಣ್ಣಲ್ಲಿ ಎಬ್ಬಿಸಿದ್ರೂ ಈ ಪಾಠ ಒಪ್ಪಿಸ್ತೀನಿ.

ಹೇಳಲಾ? ಬೇಜಾರಿಲ್ಲ ತಾನೇ? ನೋಡಿ, ರಕ್ತನಾಳದಿಂದ ಒಂದಿಷ್ಟು ನೀರು ಹೊರಗೆ ಜಿನುಗುತ್ತೆ. ಅದು ಮತ್ತೆ ರಕ್ತಕ್ಕೆ ವಾಪಸ್ಸು ಹೋಗ್ಬೇಕಲ್ಲ? ಆ ದಾರಿಯಲ್ಲಿ ಈ ಗ್ರಂಥಿಗಳು. ಒಳಗೆ ಬರೋಕೆ ಸುಮಾರು ಸಣ್ಣ ನಾಳ, ಹೊರಗೆ ಹೋಗೋಕೆ ಒಂದೋ ಎರಡೋ. ಮಧ್ಯೆ ಜಾಲರಿ, ಜಾಲರಿ ತುಂಬ ಬಿಳಿ ಕಣಗಳು. ರೋಗಾಣು ಬಂತೋ, ಹಿಡಿದೇ ಹಿಡೀತವೆ. ಆಗ ಆ ಕಣಗಳು ಒಂದಕ್ಕೆರಡಾಗಿ, ಎರಡಕ್ಕೆ ನಾಲ್ಕಾಗಿ... ಗ್ರಂಥಿ ಊದಿಕೊಳ್ಳುತ್ತೆ, ನೋಯುತ್ತೆ. ಗಂಟಲಿನ ಟಾನ್ಸಿಲ್ಲೂ ಇದೇ ಜಾತಿ. ಎಡಪಕ್ಕೆ ಕೆಳಗೆ ಗುಲ್ಮ ಇದೆಯಲ್ಲ, ಅದು ರಕ್ತವನ್ನೇ ಸೋಸುತ್ತೆ. ಎದೆಮೂಳೆ ಹಿಂದೆ ಥೈಮಸ್ ಅಂತ ಒಂದಿದೆ. ನಮ್ಮವರು ಯಾರು, ಹೊರಗಿನವರು ಯಾರು ಅಂತ ಕೆಲವು ಕಣಗಳು ಕಲಿಯೋದು ಅಲ್ಲೇ. ಮಕ್ಕಳಲ್ಲಿ ದೊಡ್ಡದಾಗಿರುತ್ತೆ. ನಮ್ಮ ವಯಸ್ಸಿಗೆ ಸುಕ್ಕಿ, ಕೊಬ್ಬಾಗಿ... ಹ್ಞೂಂ.

ನೋವಾ? ಇಲ್ಲಪ್ಪ. ಬೇಕಾದ್ರೆ ಒತ್ತಿ. ಜೋರಾಗಿ ಒತ್ತಿ! ನೋಡಿ, ಏನೂ ಆಗಲ್ಲ.

ಯಾಕೆ ಹಾಗೆ ನೋಡ್ತೀರಿ? ಊದಿದ್ರೆ ನೋಯುತ್ತೆ ಅಂತ ಈಗ ನಾನೇ ಅಂದೆ, ಹೌದು. ಎಲ್ಲ ಸಲವೂ ನೋಯ್ಬೇಕು ಅಂತೇನಿಲ್ಲ... ಡಾಕ್ಟರ ಹತ್ರ ಹೋಗಿದ್ದೆ. ಶೀತ ಅಂದ್ರು. ಬರೀ ಶೀತ.

ಸೊಂಟ ಎಷ್ಟು ಬಂತು? ಅಷ್ಟೇನಾ? ಇನ್ನೊಂದ್ಸಲ ಹಿಡೀರಿ. ಹೌದು, ಇಳಿದಿದ್ದೀನಿ. ಒಬ್ಬಳಿಗೋಸ್ಕರ ಯಾರು ಒಲೆ ಹಚ್ತಾರೆ? ಅಯ್ಯೋ, ಎಡಗೈ ಎತ್ತೋದು ಬೇಡ. ಹಳೇ ತೋಳಿನ ಅಳತೆಯೇ ಇರಲಿ. ಬೇಡ ಅಂದೆನಲ್ಲ, ಟೈಲರಮ್ಮ...

...

ಸಿಕ್ಕಿತಾ ಕೈಗೆ? ಹೊಲಿಗೆ ಅದು. ನಿಮ್ಮಷ್ಟು ನೀಟಾಗಿ ಹಾಕಿಲ್ಲ, ಅಲ್ವಾ?

ನಗಿ ಮಾರಾಯ್ರೆ! ನಗೋಕೆ ಅಂತಲೇ ಹೇಳಿದ್ದು. ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಟೇಪು ಯಾಕೆ ಸುತ್ತಿಡ್ತೀರಿ...

ಶೀತ ಅನ್ನಲಿಲ್ಲ. ಆಯ್ತಾ? ಕಂಕುಳಿಂದ ಒಂದು ಗಂಟು ತೆಗೆದು ಪರೀಕ್ಷೆಗೆ ಕಳಿಸಿದ್ರು. ಜಾಲರಿ ಸರಿಯಾಗಿದೆಯೋ, ಕಣಗಳು ಅಂಕೆ ಮೀರಿ ಬೆಳೆದಿದ್ದಾವೋ ಅಂತ ನೋಡೋಕೆ. ರಿಪೋರ್ಟು ಬಂದಿದೆ, ನಾಳೆ ಬನ್ನಿ, ಮಾತಾಡೋಣ ಅಂದಿದ್ದಾರೆ. ಅಷ್ಟರಲ್ಲೇ ನರ್ಸು, ‘ಒಬ್ಬರೇ ಬರಬೇಡಿ, ಮನೆಯವರನ್ನ ಯಾರನ್ನಾದ್ರೂ ಕರ್ಕೊಂಡು ಬನ್ನಿ’ ಅಂದಳು. ‘ತಂಗಿ ಬರ್ತಾಳೆ’ ಅಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ತಂಗಿ ಎಲ್ಲಿದ್ದಾಳೆ ನನಗೆ?

ಮನೆಗೆ ಬಂದು ಕೂತು ಯೋಚನೆ ಮಾಡಿದೆ. ಯಾರನ್ನ ಕರೀಲಿ? ಸ್ಟಾಫ್ ರೂಮಲ್ಲಿ ಎಲ್ಲರೂ ಒಳ್ಳೆಯವರೇ, ನಮಸ್ಕಾರ ಟೀಚರ್, ಬರ್ತೀನಿ ಟೀಚರ್... ಅಷ್ಟೇ. ಮನೆ ಓನರಮ್ಮ ಮೆಟ್ಟಿಲ ಕೆಳಗಿಂದಲೇ ಮಾತಾಡಿ ಹೋಗ್ತಾರೆ. ಅಮ್ಮ ಹೋದ ಮೇಲೆ ನನ್ನ ತಲೆ ಮೇಲೆ, ಭುಜದ ಮೇಲೆ ಒಂದು ಕೈ... ನೀವು ಅಳತೆ ತಗೊಳ್ಳೋವಾಗ ಮಾತ್ರ. ‘ನೆಟ್ಟಗೆ ನಿಂತ್ಕೊಳ್ಳಿ’ ಅಂತ ಬೆನ್ನು ತಟ್ತೀರಲ್ಲ, ಅಷ್ಟೇ.

ನನಗೆ ಅಂಗಿ ಬೇಕಿರಲಿಲ್ಲ, ಟೈಲರಮ್ಮ. ಬೀರು ತುಂಬ ಇದ್ದಾವೆ.

ಛೇ, ನೀವ್ಯಾಕೆ ಕಣ್ಣೊರೆಸ್ಕೊಳ್ತೀರಿ? ಬಿಡಿ, ನಾನು ಹೊರಡ್ತೀನಿ. ನಿಮಗೂ ಕೆಲಸ ಇದೆ... ಸೀಮೆಸುಣ್ಣ ತಗೊಂಡು ಎಲ್ಲಿಗೆ ಹೊರಟ್ರಿ? ಬಾಗಿಲ ಮೇಲೆ ಏನದು? ಸ್ವಲ್ಪ ಸರೀರಿ, ಕಾಣ್ತಿಲ್ಲ... ‘ನಾಳೆ... ಅಂಗಡಿ... ರಜೆ.’

ಹತ್ತು ಗಂಟೆಗೆ, ಟೈಲರಮ್ಮ. ಹತ್ತಕ್ಕೆ ಬನ್ನಿ ಅಂದಿದ್ದಾರೆ.