ಲಾರಿಗೆ ಬಾಯಾರಿಕೆ

...ಅಲ್ಲ ಸಾಬ್ರೆ, ಅಲ್ಲಲ್ಲ, ಆ ಸದ್ದಲ್ಲ! ಅದು ಬಾನೆಟ್ಟಿನ ಕೊಂಡಿ ಅಲ್ಲಾಡೋ ಸದ್ದು. ಅದು ಮೊದಲಿಂದ್ಲೂ ಐತೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಾರಿ ಮಾರಿದಾಗ ಅದನ್ನೂ ಜೊತೇಲೇ ಕೊಟ್ಟು ಹೋದ್ರು. ನಾನು ಹೇಳ್ತಿರೋದು ಬೇರೆ. ತಡೀರಿ, ಆಕ್ಸಿಲೇಟರ್ ಕಂಬಿ ಕೈಯಲ್ಲೇ ಎಳೀತೀನಿ... ಹಾಂ. ಟಕ್... ಟಕ್... ಟಕ್... ಯಾರೋ ಬಾಗಿಲು ತಟ್ಟಿದ ಹಾಗೆ. ಕೇಳಿಸ್ತಲ್ಲ? ಅದೇ ನೋಡಿ.

ಕಂಬಿ ಬಿಡ್ಲಾ? ಬಿಟ್ಟೆ.

ನೀವು ನಿಧಾನಕ್ಕೆ ನೋಡಿ ಮುಕ್ತಾರ್ ಸಾಬ್ರೆ, ಆತುರ ಇಲ್ಲ. ಅಂದ್ರೆ... ನಂಗಿಲ್ಲ. ಧಣಿಗೆ ಐತೆ. ಅಗೋ, ಎದುರಿನ ಹೋಟ್ಲಲ್ಲಿ ಕೂತಿದ್ದಾರಲ್ಲ ಜಯಪ್ಪನೋರು, ಕಾಫಿ ಲೋಟ ಬಾಯಲ್ಲಿ, ಕಣ್ಣು ಇಲ್ಲಿ. ಶಿಕಾರಿಪುರದಿಂದ ಸೊರಬದವರೆಗೂ ನನ್ನ ಪಕ್ಕದಲ್ಲೇ ಕೂತು ಬಂದ್ರು, ಈ ಸದ್ದು ಕೇಳಿಸ್ಕೊಂಡು. ಏನಂದ್ರು ಗೊತ್ತಾ? "ಗುತ್ಯಪ್ಪ, ಇವತ್ತು ಸಾಬ್ರು ಒಂದು ಮಾತು ಹೇಳ್ಬೇಕು. ತಪ್ಪು ಲಾರೀದೋ, ಡ್ರೈವರಂದೋ. ಲಾರೀದಾದ್ರೆ ರಿಪೇರಿ. ನಿಂದಾದ್ರೆ ನಾಳೆಯಿಂದ ನೀನು ಗಿರಣಿಯಲ್ಲಿ ಮೂಟೆ ಹೊಲಿಸ್ಕೊಂಡಿರು, ಈ ದಾರಿಗೆ ಬೇರೆಯವನನ್ನ ಹಾಕ್ತೀನಿ." ಹೀಗಂದ್ರು. ನಿಮ್ಮ ಮಾತಿನ ಮೇಲೆ ನಿಂತೈತೆ ಸಾಬ್ರೆ, ಎಲ್ಲಾ.

ಗಿರಣಿ ಕೆಲಸ ಕೆಟ್ಟದ್ದಲ್ಲ, ಒಪ್ತೀನಿ. ನೆರಳು, ಹೊತ್ತಿಗೆ ಸರಿಯಾಗಿ ಊಟ. ನಂಗೂ ಸುಸ್ತಾಗೈತೆ, ಸ್ಟೇರಿಂಗ್ ಹಿಡಿದೂ ಹಿಡಿದೂ ಭುಜ ಬಿದ್ದು ಹೋಗೈತೆ. ಆದ್ರೆ ಈ ದಾರಿ ಬಿಡೋಕಾಗಲ್ಲ. ಯಾಕೆ ಅಂದ್ರೆ... ಅಭ್ಯಾಸ. ಅಭ್ಯಾಸ ಅಂತಿಟ್ಕೊಳ್ಳಿ.

ಏನು ಮಾಡ್ತಿದ್ದೀರಿ? ಓ, ಉದ್ದದ ಸ್ಕ್ರೂಡ್ರೈವರು. ತುದಿ ಇಂಜಿನ್ ಮೇಲೆ, ಹಿಡಿ ಕಿವಿಗೆ. ಡಾಕ್ಟ್ರು ಎದೆ ನೋಡಿದ ಹಾಗೆ. ಪಿಸ್ಟನ್ ಇರ್ಬೇಕು, ಅಲ್ವಾ? ಅಲ್ಲ? ಹಾಗಾದ್ರೆ ಪೆಟ್ರೋಲು. ಈಗಿನ ಪೆಟ್ರೋಲು ಈ ಹೊಸ ನಯಾಪೈಸೆ ಇದ್ದ ಹಾಗೆ ಸಾಬ್ರೆ, ಕೈಗೆ ಬಂದಿದ್ದು ಸರಿಯಾಗಿ ಬಂತೋ ಇಲ್ವೋ ಯಾರಿಗೂ ತಿಳಿಯಲ್ಲ... ಅದೂ ಅಲ್ವಾ?

ಬೆಲ್ಟು ಬಿಚ್ತೀರಾ? ಬೆಲ್ಟು ಯಾಕೆ? ಅಲ್ಲ, ಬಿಚ್ಚಿ, ನಾನ್ಯಾಕೆ ಬೇಡ ಅನ್ನಲಿ. ಒಂದೇ ಬೆಲ್ಟಲ್ವಾ, ಫ್ಯಾನಿಗೂ, ನೀರಿನ ಪಂಪಿಗೂ, ಡೈನಮೋಗೂ. ಅದು ತೆಗೆದ್ರೆ ಮೂರೂ ನಿಲ್ತವೆ. ಆಮೇಲೂ ಟಕ್ ಅಂದ್ರೆ ರೋಗ ಇಂಜಿನ್ ಒಳಗೆ. ಅನ್ನದಿದ್ರೆ ರೋಗ ಹೊರಗೆ, ಬೆಲ್ಟು ತಿರುಗಿಸೋ ಸಾಮಾನಿನಲ್ಲಿ. ನಿಮಗೆ ಗೊತ್ತಿರೋದೇ, ಆದ್ರೂ ಬಿಡಿಸಿ ಹೇಳ್ದೆ. ಹ್ಯಾಂಡಲ್ ನಾನೇ ಹೊಡೆದು ಇಂಜಿನ್ ಎಬ್ಬಿಸ್ತೀನಿ, ನೀವು ಅಲ್ಲೇ ನಿಲ್ಲಿ... ಉಸ್ಸಪ್ಪಾ... ಹಿಡೀತು.

...

ಇಲ್ಲ. ಸದ್ದಿಲ್ಲ.

ಅಂದ್ರೆ ಬೆಲ್ಟೇ ಹಳೇದಾಗೈತೆ, ಅಲ್ವಾ ಸಾಬ್ರೆ? ಹೇಳಿಬಿಡಿ ಧಣಿಗೆ, ಬೆಲ್ಟು ಅಂತ. ಬೆಲ್ಟು ಸಡಿಲಾಗುತ್ತೆ, ಪಂಪು ಸರಿಯಾಗಿ ತಿರುಗಲ್ಲ, ಇಂಜಿನ್ ಕಾಯುತ್ತೆ, ರೇಡಿಯೇಟರ್ ಕುದಿಯುತ್ತೆ. ಅದಕ್ಕೇ ನಾನು ದಾರಿಯಲ್ಲಿ ನಿಲ್ಲಿಸಿ ನೀರು ಹಾಕಿಸೋದು. ಎಲ್ಲಾ ಒಂದಕ್ಕೊಂದು ಹೊಂದ್ಕೊಳ್ತು ನೋಡಿ!

ಎಲ್ಲಿ ಅಂದ್ರೆ... ಕುಪ್ಪಗಡ್ಡೆಯಲ್ಲಿ. ಭತ್ತ ತುಂಬೋಕೆ ಹೋಗ್ತಾ ಊರು ಹೊಕ್ಕ ತಕ್ಷಣ, ಹುಣಸೆಮರ ದಾಟಿದ ಕೂಡ್ಲೆ. ಹೌದು, ಪ್ರತಿಸಲ ಅಲ್ಲೇ. ಅಲ್ಲಿ ಏರು ಐತಲ್ಲ, ಅದಕ್ಕೆ.

ಯಾಕ್ರೀ ನಗ್ತೀರಿ?

ಏರಿಲ್ವಾ? ಸ್ವಲ್ಪ ಐತೆ. ಎತ್ತಿನ ಗಾಡಿಯವನಿಗೆ ಗೊತ್ತಾಗಲ್ಲ, ಲಾರಿಗೆ ಗೊತ್ತಾಗುತ್ತೆ. ಸರಿ, ಸಮ ನೆಲಾನೇ ಇರ್ಲಿ. ಮಿಲಿಟರಿ ಲಾರಿ, ಅದಕ್ಕೊಂದು ಹಟ. ಕುದುರೆ ರೂಢಿ ಆದ ಕಡೆ ತಾನಾಗೇ ನಿಲ್ಲಲ್ವಾ? ಹಾಗೆ. ಅಲ್ಲಿ ನೀರೂ ಸಿಹಿ... ಲಾರಿಗೆ ಸಿಹಿ ಆದ್ರೇನು ಉಪ್ಪಾದ್ರೇನು ಅಂತ ಅನ್ಬೇಡಿ. ಉಪ್ಪು ನೀರಿಗೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತೆ. ನೀವೇ ಹೇಳಿದ್ದು.

ಡೈನಮೋ ಯಾಕೆ ಅಲ್ಲಾಡಿಸ್ತೀರಿ?

ಟಕ್.

...ಹೂಂ. ಕೇಳಿಸ್ತು.

ಬೋಲ್ಟು ಸಡಿಲ ಇರ್ಬೇಕು. ಈ ರಸ್ತೆಯಲ್ಲಿ ಎಲುಬೇ ಸಡಿಲ ಆಗ್ತವೆ, ಬೋಲ್ಟು ಯಾವ ಲೆಕ್ಕ! ಬಿಗಿ ಮಾಡಿಬಿಡಿ, ಆತು. ಯಾಕೆ ಬಿಚ್ಚಿ ಕೈಯಲ್ಲಿ ಹಿಡ್ಕೊಂಡ್ರಿ? ಒರೆಸೋದೇನೂ ಬೇಡ... ಅದನ್ನೇ ನೋಡ್ತಿದ್ದೀರಲ್ಲ ಸಾಬ್ರೆ. ಸುತ್ತ ಇರೋ ನಟ್ಟಿಗೆಲ್ಲ ಕೆಮ್ಮಣ್ಣು, ಗ್ರೀಸು, ಕಿಟ್ಟ. ಇದೊಂದೇ ಫಳಫಳ. ಮೂಲೆಗಳೆಲ್ಲ ಸವೆದು ಗುಂಡಗೆ. ಅದು ಕೂರೋ ತೂತು ಕೋಳಿಮೊಟ್ಟೆ ಥರ ಆಗೈತೆ, ನಂಗೂ ಕಾಣ್ತೈತೆ. ಅದೂ... ಅದು ಗಾಳಿಗೆ.

ಗಾಳಿಗೆ ನಟ್ಟು ಸವೆಯಲ್ಲ. ಹೌದು.

ಏನಾದ್ರೂ ಅನ್ನಿ ಸಾಬ್ರೆ. ಬೈದ್ರೂ ಸರಿ. ಆ ಕಡೆ ನೋಡ್ಬೇಡಿ, ಸ್ಪ್ಯಾನರ್ ಸೀಟಿನ ಕೆಳಗೈತೆ. ಡ್ರೈವರ್ ಅಂದ್ಮೇಲೆ ಒಂದು ಸ್ಪ್ಯಾನರ್ ಇಟ್ಕೊಳ್ಳಲ್ವಾ? ಅದರ ಬಾಯಿ ಈ ನಟ್ಟಿಗೇ ಸರಿಹೊಂದುತ್ತೆ. ಇರ್ಲಿ. ಹೊಂದ್ಲಿ.

ಊರಿಗೆ ಸ್ವಲ್ಪ ಹಿಂದೆ ನಿಲ್ಲಿಸಿ ಈ ನಟ್ಟು ಸಡಿಲ ಮಾಡ್ತೀನಿ, ಡೈನಮೋ ಜಾರಿ ಬೆಲ್ಟು ಸಡಿಲಾಗುತ್ತೆ, ನೀರು ಕುದಿಯುತ್ತೆ. ವಾಪಸ್ ಬರ್ತಾ ಬಿಗಿ ಮಾಡ್ತೀನಿ. ಸದ್ದು ಬರುತ್ತೆ ಅಂತ ನಂಗೇನು ಗೊತ್ತಿತ್ತು? ತೂತು ಹೀಗೆ ಸವೆಯುತ್ತೆ ಅಂತ ತಲೆಗೆ ಹೊಳೀಲೇ ಇಲ್ಲ.

ಯಾಕೆ ಅಂತ ನೀವು ಕೇಳ್ತಿಲ್ಲ. ಕೇಳ್ತಿಲ್ಲವಲ್ಲ, ಅದಕ್ಕೇ ಹೇಳ್ಬೇಕಾಗೈತೆ ನಾನು.

ನನ್ನ ಮಗಳು ಹೂವಮ್ಮನ್ನ ಅಲ್ಲಿಗೇ ಕೊಟ್ಟಿರೋದು. ಬೀಗ ಮಾರಪ್ಪ, ರಸ್ತೆಗೇ ಐತೆ ಅವನ ಮನೆ. ಮದುವೆ ದಿನ ವೀಳ್ಯ ಕೊಡುವಾಗ ಹುಡುಗನ ಸೋದರಮಾವ ಕೂತಿದ್ದ, ಮೊದಲ ವೀಳ್ಯ ಅವನಿಗೇ ಸಲ್ಲಬೇಕು, ಅವನನ್ನ ಬಿಟ್ಟು ಪಕ್ಕದ ದೊಡ್ಡಪ್ಪನಿಗೆ ಮೊದಲು ಕೊಟ್ಟುಬಿಟ್ಟೆ. ಅಷ್ಟೇ. ಬೇಕು ಅಂತ ಕೊಟ್ಟಿದ್ದಲ್ಲ, ದೊಡ್ಡಪ್ಪನ ಪೇಟ ದೊಡ್ಡದಿತ್ತು! ನಗಿ ಪರವಾಗಿಲ್ಲ. ಸೋದರಮಾವ ಎಲೆ ಬಿಟ್ಟು ಎದ್ದ. ಮಾರಪ್ಪ ಚಪ್ಪರದ ತುಂಬಾ ಕೇಳೋ ಹಾಗೆ ಅಂದ, "ಹಾದಿ ಮೇಲಿನ ಜನ, ಇವರಿಗೆ ಮನೆ ರೀತಿ ಎಲ್ಲಿಂದ ಬರ್ಬೇಕು" ಅಂತ. ನಂಗೂ ಸಿಟ್ಟು ಬಂತು. "ನಿಮ್ಮ ಹೊಸ್ತಿಲು ತುಳಿಯಲ್ಲ, ನಿಮ್ಮ ಮನೆ ನೀರು ನಾಲಿಗೆಗೆ ಸೋಕಿಸಲ್ಲ" ಅಂದೆ. ಚಂದ್ರಗುತ್ತಿ ಅಮ್ಮನ ಮೇಲೆ ಆಣೆ ಇಟ್ಟೆ. ಬೇರೆ ದೇವರಾಗಿದ್ರೆ ತಪ್ಪುಕಾಣಿಕೆ ಹಾಕಿ ಹೇಗೋ ಸರಿ ಮಾಡ್ಕೋಬಹುದಿತ್ತು. ನನ್ನ ಹೆಸರೇ ಆಕೆಯದ್ದು ಸಾಬ್ರೆ, ಗುತ್ತಿಯಿಂದ ಗುತ್ಯಪ್ಪ. ಯಾರಾದ್ರೂ ನನ್ನ ಕರೆದಾಗ್ಲೆಲ್ಲ ಆಣೆ ನೆನಪಾಗುತ್ತೆ.

ಆದ್ರೆ ನೀರು ಬೇಕಾಗಿ ನಿಂತವನಿಗೆ ಇಲ್ಲ ಅನ್ನೋ ಮನೆ ಈ ಸೀಮೆಯಲ್ಲಿಲ್ಲ. ಮಾರಪ್ಪನಾದ್ರೂ ಅಷ್ಟೇ. ನಾನು ಬಾಯಿ ಬಿಟ್ಟು ಕೇಳಲ್ಲ. ಬಾನೆಟ್ ಎತ್ತಿ ನಿಲ್ತೀನಿ. ಹಬೆ ಏಳುತ್ತೆ. ಮಾರಪ್ಪ ಜಗಲಿ ಮೇಲೆ ಕೂತು ನನ್ನ ತಲೆ ಮೇಲಿಂದ ಆಕಾಶ ನೋಡ್ತಾ ಒಳಗೆ ಕೂಗ್ತಾನೆ, "ಯಾವುದೋ ಲಾರಿ ನಿಂತೈತೆ, ನೀರು ಕೊಡ್ರೇ" ಅಂತ. ಯಾವುದೋ ಲಾರಿ! ನೀರು ತರೋರು ಯಾರು? ಮನೆಗೆ ಬಂದ ಸೊಸೆ. ಮತ್ಯಾರು ತರ್ತಾರೆ?

ನಾನು ಕುಡಿದಿಲ್ಲ. ಒಂದು ಹನಿ ಕುಡಿದಿಲ್ಲ. ಕುಡಿಯೋದು ಲಾರಿ. ಆಣೆ ಆಣೆಯಾಗೇ ಐತೆ.

ಅವಳು ಕೊಡದಿಂದ ನಿಧಾನಕ್ಕೆ ಹುಯ್ತಾಳೆ, ನಾನು ಮುಚ್ಚಳ ಹಿಡ್ಕೊಂಡಿರ್ತೀನಿ. ನೀರು ಬೀಳೋ ಸದ್ದಲ್ಲಿ ಕೇಳ್ತಾಳೆ, "ಅವ್ವ ಹೆಂಗಿದ್ದಾಳಪ್ಪ?" ನಾನು ರೇಡಿಯೇಟರಿಗೆ ಹೇಳಿದ ಹಾಗೆ ಹೇಳ್ತೀನಿ, "ಚೆನ್ನಾಗಿದ್ದಾಳೆ." ಕೊಡ ಮುಗಿಯುತ್ತೆ. ಮಾತೂ ಮುಗಿಯುತ್ತೆ. ಮನೆಗೆ ಹೋಗಿ ಹೆಂಡ್ತಿ ಲೋಕಮ್ಮನ ಮುಂದೆ ಅಷ್ಟನ್ನೇ ತಿರುಗಿಸಿ ಮುರುಗಿಸಿ ಹೇಳ್ತೀನಿ, ರಾತ್ರಿ ಊಟ ಮುಗಿಯೋವರೆಗೂ.

ಈಗ ಅವಳು ತುಂಬಿದ ಬಸುರಿ. ಚೊಚ್ಚಲು. ತವರಿಗೆ ಕಳಿಸ್ಬೇಕಾದ್ದು ರೂಢಿ, ಕಳಿಸಲ್ಲ ಅಂತಾನೆ ಮಾರಪ್ಪ, ಮೊದಲು ನಾನು ಹೊಸ್ತಿಲಿಗೆ ಬಂದು ಕರೀಬೇಕಂತೆ. ಹೋದ ಸಲ ಹೋಗಿ ನಿಂತೆ. ಹಬೆ ಎದ್ತು. ಅವನು ಕೂಗಿದ. ನೀರು ಬಂತು...

ಅವಳು ಬರಲಿಲ್ಲ ಸಾಬ್ರೆ. ಅತ್ತೆ ತಂದ್ಲು. ಹುಯ್ದು ಒಳಗೆ ಹೋದ್ಲು. ಮುಖ ನೋಡಿದೆ, ಏನೂ ತಿಳೀಲಿಲ್ಲ. ಸುಸ್ತಾಗಿ ಮಲಗಿದ್ಲೋ, ಏನಾದ್ರೂ... ಮುಚ್ಚಳ ತಿರುಗಿಸಿ ಲಾರಿ ಹೊರಡಿಸ್ದೆ. ಅದಕ್ಕೇ ಹೇಳ್ತಿರೋದು, ಈ ದಾರಿ ಇನ್ನೊಂದು ಸಲ ಬೇಕು ನಂಗೆ. ಇವತ್ತೇ ಬೇಕು.

...

ಹೊಸ ಬೋಲ್ಟಾ ಅದು? ಸವೆದ ತೂತಿಗೆ ಬಳೆ ಥರ ಬುಷ್ ಬೇರೆ ಹಾಕಿದ್ರಿ. ವಾಷರ್ರೂ ಹಾಕಿದ್ರಿ. ಸಾಬ್ರೆ, ಅಷ್ಟು ಬಿಗಿ ಮಾಡಿದ್ರೆ ನನ್ನ ಸ್ಪ್ಯಾನರಿಗೆ ಜಗ್ಗಲ್ಲ... ಅದಕ್ಕೇ ಮಾಡ್ತಿದ್ದೀರಾ? ಬೆಲ್ಟೂ ಹಾಕಿ ಆತಾ? ಹೊಡೀತೀನಿ, ಹೊಡೀತೀನಿ ಹ್ಯಾಂಡಲ್ಲು.

ಸದ್ದಿಲ್ಲ. ಹೊಸ ಲಾರಿ ಹಾಗೆ ಐತೆ. ಸಂತೋಷ.

ಧಣಿ ಎದ್ರು. ಅಲ್ಲಿಂದ್ಲೇ ಕೂಗ್ತಿದ್ದಾರೆ, "ಯಾರ ತಪ್ಪು ಸಾಬ್ರೇ?" ಅಂತ. ಹೇಳಿ. ನಿಮ್ಮ ಹೊಟ್ಟೆಪಾಡು ಐತೆ, ಸುಳ್ಳು ಹೇಳಿ ಅಂತ ನಾನು ಕೇಳಲ್ಲ...

ಯಾಕೆ ಮಡ್‌ಗಾರ್ಡ್ ತಟ್ತಿದ್ದೀರಿ? ಎರಡು ಸಲ ತಟ್ಟಿದ್ರಿ. ಲಾರೀದು ಅಂತಾನಾ? ಲಾರೀದು ಅಂದ್ರಾ ಸಾಬ್ರೆ? ಧಣಿ ತಲೆ ಆಡಿಸಿ ಮತ್ತೆ ಕೂತ್ರು. ಎಲೆಯಡಿಕೆ ಬಿಚ್ತಿದ್ದಾರೆ.

ಏನದು? ಎಲ್ಲಿ ಸುರೀತಿರೋದು? ಅಯ್ಯೋ, ರೇಡಿಯೇಟರ್ ಕೆಳಗಿನ ನಲ್ಲಿ ಯಾಕೆ ತಿರುಗಿಸಿದ್ರಿ? ಬೆಳಿಗ್ಗೆ ಕಂಠಮಟ್ಟ ತುಂಬಿದ್ದು ನಾನು! ಇಷ್ಟು ನೀರು ಹೋದ್ರೆ ಕುಪ್ಪಗಡ್ಡೆ ಹೊತ್ತಿಗೆ ಕುದಿಯೋಕೆ ಶುರು...

...ಕುಪ್ಪಗಡ್ಡೆ ಹೊತ್ತಿಗೆ.

ಹೂಂ.

ಸಾಬ್ರೆ... ಸಾಕು. ನಿಲ್ಲಿಸಿ, ಅಷ್ಟು ಸಾಕು. ಅರ್ಧ ಕೊಡದಷ್ಟು ಹೋದ್ರೆ ಸಾಕು. ಅವಳೇ ತಂದ್ರೆ, ತುಂಬಿದ ಕೊಡ ಹೊರಬಾರದು ಈಗ.