ಬಕೆಟ್ಟಿನಲ್ಲಿ ಹಿಡಿಸುವ ಬಾವುಟ

ಕೆರೆ ಆಗಷ್ಟೇ ತೆಳುವಾಗಿ ಹೆಪ್ಪುಗಟ್ಟಿದ್ದ ವಾರ. ಅಮೆರಿಕದ ವಿಸ್ಕಾನ್ಸಿನ್ನಿನ ಒಂದು ಗಾಳದಂಗಡಿಯಲ್ಲಿ, ದುಡ್ಡು ಕೊಡಲು ಸಾಲಿನಲ್ಲಿ ನಿಂತಿದ್ದ ಮಾರ್ಲಿಸ್‌ಳ ಮುಂದೆ ವಯಸ್ಸಾದ ಗಂಡಹೆಂಡಿರಿಬ್ಬರು ನಿಂತಿದ್ದರು. ಗಂಡನ ಕೈಯಲ್ಲಿ ಮಂಜುಗಡ್ಡೆಯ ತೂತಿನ ಮೇಲಿಡುವ ಗಾಳವಿತ್ತು. ಮೀನು ಕಚ್ಚಿದರೆ ಪುಟ್ಟ ಬಾವುಟ ಮೇಲೇಳುವಂಥದ್ದು. ಅವನು ಬಾವುಟವನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಚುತ್ತಿದ್ದ.

“ಮನೇಲಿ ಮರದ ಗಾಳಗಳು ಬಿದ್ದಿವೆಯಲ್ಲ ಆರ್ವಿಡ್, ಇದ್ಯಾಕೆ?” ಹೆಂಡತಿ ಕೇಳಿದಳು.

“ದುಂಡಗಿದೆ ನೋಡು ಸಿಗ್ನಿ. ತೂತನ್ನ ಪೂರ್ತಿ ಮುಚ್ಚುತ್ತೆ, ನೀರು ಬೇಗ ಗಟ್ಟಿಯಾಗಲ್ಲ. ಇಂಥವು ಮೂರು ತಗೊಂಡ್ರೂ ಒಂದೇ ಬಕೆಟ್ಟಲ್ಲಿ ಹಿಡಿಸುತ್ತೆ.”

“ಐಸ್ ಮೇಲೆ ಎಳೆಯೋ ಜಾರುಗಾಡಿ ಇದೆಯಲ್ಲ, ಬಕೆಟ್ ಯಾಕೆ?”

“ಗಾಡಿ ಬೇಡ. ಭಾರ.”

“ನಿಂಗೆ ಭಾರಾನಾ, ಐಸಿಗೆ ಭಾರಾನಾ?”

ಅವನು ಬಾವುಟ ಮಡಚಿದ.

“ದಡದ ಹತ್ರಾನೇ ಕೂರ್ತೀನಿ.”

“ಹೋದ ವರ್ಷಾನೂ ಹಾಗೇ ಅಂದಿದ್ದೆ. ಬೂಟು ಒಣಗಿಸಿದ್ದು ನಾನು.”

“ಆಗ ಐಸ್ ಒಡೆದು ಬರೀ ಮೊಣಕಾಲಿನವರೆಗೆ ಇಳಿದಿದ್ದೆ.”

ನೀರಿಗೆ ಬಿದ್ದವರು ಐಸಿಗೆ ಚುಚ್ಚಿ ಮೇಲೆ ಬರಲೆಂದು ಕೊರಳಲ್ಲಿ ಹಾಕಿಕೊಳ್ಳುವ ಮೊಳೆಹಿಡಿಗಳು ಗೋಡೆಗೆ ತೂಗುತ್ತಿದ್ದವು. ಸಿಗ್ನಿ ಎರಡು ಜೊತೆ ತೆಗೆದು ಕೌಂಟರಿನ ಮೇಲಿಟ್ಟಳು.

“ಎರಡ್ಯಾಕೆ? ಹೋಗೋನು ನಾನೊಬ್ನೇ.”

“ಒಂದು ನಿಂಗೆ. ಇನ್ನೊಂದು ನಿನ್ನ ಎಳೆಯೋಕೆ ಬಂದು ಬೀಳೋಳಿಗೆ.”

ಅವನು ಎರಡಕ್ಕೂ ದುಡ್ಡು ಕೊಟ್ಟ. ಬಾಗಿಲು ದಾಟುವಾಗ ಅವಳು ತನ್ನದನ್ನು ಆಗಲೇ ಕೊರಳಿಗೆ ಹಾಕಿಕೊಂಡಿದ್ದಳು.